ಎಂಟು ಸೀರೆ ಕಮ್ಮಿ

ಇದನ್ನು ಬರೆಯಬೇಕು ಅಂತ ಎಷ್ಟು ಸಲ ಕೂತು ಎಷ್ಟು ಸಲ ಎದ್ದಿದ್ದೇನೋ ಲೆಕ್ಕವಿಲ್ಲ. ಒಂದು ಸಲ ಕನ್ನಡಕ ಸರಿಯಿಲ್ಲ ಅಂದುಕೊಂಡೆ. ಕನ್ನಡಕ ಬದಲಾಯಿಸಿದೆ. ಇನ್ನೊಂದು ಸಲ ಮೊಮ್ಮಗಳ ಮದುವೆ ಮುಗಿಯಲಿ ಅಂದೆ. ಅದೂ ಮುಗಿದು ಅವಳು ತವರಿಗೆ ಬಂದು ಹೋಗಿದ್ದೂ ಆಯಿತು. ಈಗ ನೆಪಗಳು ಖಾಲಿ. ನಾನು ಮಾಡಿದ ಒಂದು ನೀಚ ಕೆಲಸವನ್ನು ನನ್ನ ಕೈಯಾರೆ ಬರೆದಿಟ್ಟು ಹೋಗುತ್ತೇನೆ.

ಆ ಹೆಂಗಸು ಜಗತ್ತನ್ನೆಲ್ಲ ಸೀರೆಯಲ್ಲಿ ಅಳೆಯುತ್ತಿದ್ದರು. ಮೈದಾನದಿಂದ ಬಸ್‌ಸ್ಟ್ಯಾಂಡಿಗೆ ಎಷ್ಟು ದೂರ ಅಂದರೆ ‘ಇನ್ನೂರು ಸೀರೆ’ ಅನ್ನುವರು. ಅಳಿಯ ಎಷ್ಟು ಎತ್ತರ ಅಂದರೆ ‘ಎರಡು ರವಿಕೆ ಕಣ ಅವ್ನೆ, ಮಾತು ಮಾತ್ರ ಮೂರು ಸೀರೆ’ ಅನ್ನುವರು. ದೊಡ್ಡಬಳ್ಳಾಪುರದ ಒಂದು ಮಗ್ಗದ ಶೆಡ್ಡಿನಲ್ಲಿ ಮೂವತ್ತು ವರ್ಷ ಅವರ ಕೆಲಸ ಇದ್ದದ್ದೇ ಅದು. ಮಗ್ಗದಿಂದ ಇಳಿದ ಬಟ್ಟೆಯನ್ನು ಅಳೆಯುವುದು, ಕತ್ತರಿಸುವುದು, ಮಡಿಸುವುದು. ಸೆರಗು, ಒಡಲು, ರವಿಕೆ ಕಣ ಎಲ್ಲ ಸೇರಿ ಆ ಶೆಡ್ಡಿನ ಒಂದು ಸೀರೆ ಅಂದರೆ ಆರೂಕಾಲು ಮೀಟರ್. ಆ ಉದ್ದ ಅವರ ಮೈಗೇ ಹತ್ತಿಬಿಟ್ಟಿತ್ತು. ಶೆಡ್ಡು ಮುಚ್ಚಿದ ಮೇಲೆ ನಮ್ಮ ಕ್ರೀಡಾ ಸಂಘದ ಮೈದಾನ ನೋಡಿಕೊಳ್ಳುವ ಕೆಲಸಕ್ಕೆ ಬಂದರು. ಗುಡಿಸುವುದು, ನೀರು ಚಿಮುಕಿಸುವುದು, ಸುಣ್ಣದಲ್ಲಿ ಗೆರೆ ಎಳೆಯುವುದು. ಊರೆಲ್ಲ ಅವರನ್ನು ಸುಣ್ಣದಕ್ಕ ಅನ್ನುತ್ತಿತ್ತು. ನಾನು ಬರೀ ಅಕ್ಕ ಅನ್ನುತ್ತಿದ್ದೆ. ನನಗಿಂತ ಮೂರೋ ನಾಲ್ಕೋ ವರ್ಷ ದೊಡ್ಡವರು. ಆಮೇಲೆ ಊರು ಅವರಿಗೆ ಇನ್ನೊಂದು ಹೆಸರಿಟ್ಟಿತು. ಅದರ ಕಥೆಯೇ ಇದು.

ಅವರ ಹತ್ತಿರ ಒಂದು ದಾರದ ಉಂಡೆ ಇತ್ತು. ಆರೂಕಾಲು ಮೀಟರಿಗೊಂದು ಗಂಟು. ಅದನ್ನು ಮೇಣದಲ್ಲಿ ಉಜ್ಜಿ ಇಟ್ಟಿದ್ದರು, ಬಿಸಿಲಿಗೂ ಇಬ್ಬನಿಗೂ ಹಿಗ್ಗಬಾರದು ಅಂತ. ಹದಿನಾರು ಗಂಟು ಎಳೆದರೆ ನೂರು ಮೀಟರ್ ಓಟದ ಗೆರೆ. ಬೇಕಾದರೆ ಗುಣಿಸಿ ನೋಡಿ.

ಒಂದು ಸಲ ಶಾಲೆಗಳ ಕ್ರೀಡಾಕೂಟಕ್ಕೆ ಬಂದ ಡ್ರಿಲ್ ಮೇಷ್ಟ್ರು ತಮ್ಮ ಟೇಪಿನಲ್ಲಿ ನೂರು ಮೀಟರ್ ಅಳೆದು, ಅಕ್ಕ ಹಾಕಿದ್ದ ಗೆರೆ ತಪ್ಪು ಅಂದರು. ಮೈದಾನದ ತುಂಬ ಮಕ್ಕಳು ನಿಂತಿದ್ದರು. “ಸೀರೆ ಮೈಗೆ ಸುತ್ಕೊಳ್ಳೋದು ಕಣಮ್ಮ, ಮೈದಾನಕ್ಕಲ್ಲ” ಅಂತ ಮೇಷ್ಟ್ರು ನಕ್ಕರು. ಅಕ್ಕ ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. ಹೋಗಿ ಟೇಪಿನ ತುದಿ ಹಿಡಿದು ನೋಡಿದರು. “ಮೇಷ್ಟ್ರೆ, ನಿಮ್ ಟೇಪು ತಲೆ ಕಡಿಸ್ಕೊಂಡೈತೆ” ಅಂದರು. ನೋಡಿದರೆ ನಿಜ. ಯಾವ ಕಾಲದಲ್ಲೋ ಮೊದಲ ಗೇಣು ಹರಿದು ಹೋಗಿ, ಯಾರೋ ಉಳಿದ ತುದಿಗೆ ಕೊಂಡಿ ಹೊಡೆದಿದ್ದರು. ನೂರು ಮೀಟರಿಗೆ ಮೇಷ್ಟ್ರು ನಾಲ್ಕು ಸಲ ಟೇಪು ಹಿಡಿದಿದ್ದರು, ನಾಲ್ಕು ಗೇಣು ಕಮ್ಮಿ ಬಂದಿತ್ತು. ಅಕ್ಕ ಸುಣ್ಣದ ಬಕೆಟ್ ಎತ್ತಿಕೊಂಡು ಹೋಗುತ್ತ ಹೇಳಿದ್ದು ಒಂದೇ ಮಾತು: “ಅಳ್ತೆ ತಪ್ಪಾದ್ರೆ ತಿದ್ಬೋದು. ಅಳೆಯೋನೇ ತಪ್ಪಾದ್ರೆ ಏನ್ ಮಾಡೋದು?”

ಇನ್ನೊಂದು ಸಂಗತಿ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಕ್ಕ ಯಾರನ್ನೂ ಏನನ್ನೂ ಕೇಳಿದವರಲ್ಲ. ಕಾಫಿಯನ್ನು ಮನೆಯಿಂದಲೇ ಸ್ಟೀಲ್ ಚೊಂಬಿನಲ್ಲಿ ತರುವರು. ಸಂಘದ ಸಭೆಯಲ್ಲಿ ಬಿಸ್ಕತ್ತಿನ ತಟ್ಟೆ ಹಿಡಿದರೆ ಒಂದು ತೆಗೆದುಕೊಂಡು ಸೆರಗಿನಲ್ಲಿ ಕಟ್ಟಿಕೊಳ್ಳುವರು. ಎರಡನೆಯದಕ್ಕೆ ಕೈ ಚಾಚಿದ್ದನ್ನು ನಾನು ನೋಡಿಲ್ಲ. ಒಂದು ಮಾಗಿಯಲ್ಲಿ ಸಂಘದಿಂದ ಒಂದು ಸ್ವೆಟರ್ ಕೊಡಿಸುತ್ತೇನೆ ಅಂದೆ. “ನಂಗೆ ಹೊದ್ಕಳಕ್ಕೆ ಐತೆ ಕಣಪ್ಪ. ಕೊಡ್ಸೋದಾದ್ರೆ ಒಂದು ಮೂಟೆ ಸುಣ್ಣ ಕೊಡ್ಸು” ಅಂದರು. ಅವರ ಹತ್ತಿರ ಇದ್ದ ಆಸ್ತಿ ಅಂದರೆ ಯಾರ ಮುಂದೂ ಕೈ ಚಾಚದ ಆ ಬಿಗಿಯೇ. ಮುಂದೆ ನಾನು ಕದ್ದದ್ದೂ ಅದನ್ನೇ.

ಹೀಗಿರುವಾಗ ಬಂತು ಬಿಡ್ಡು.

ತಿಳಿಯದವರಿಗೆ ಹೇಳುತ್ತೇನೆ. ಲೋಕದ ನಾನಾ ದೇಶಗಳ ಎಳೆಯ ಹುಡುಗ ಹುಡುಗಿಯರು ಒಂದೂರಿನಲ್ಲಿ ಸೇರಿ ಆಡುವ ಕ್ರೀಡಾಕೂಟಗಳಿವೆ. ಅದು ನಮ್ಮಲ್ಲೇ ನಡೆಯಲಿ ಅಂತ ಊರುಗಳು ಅರ್ಜಿ ಹಾಕಬೇಕು, ಅದೇ ಬಿಡ್ಡು. ಬಣ್ಣದ ಪುಸ್ತಕ ಮಾಡಿಸಿ ಕಳಿಸಬೇಕು. ಅವರ ಕಡೆಯಿಂದ ಒಂದು ತಂಡ ಬಂದು ನೋಡಿಕೊಂಡು ಹೋಗುತ್ತದೆ. ಕೊನೆಗೆ ಯಾವುದೋ ದೇಶದ ಹೋಟೆಲಿನಲ್ಲಿ ಎಲ್ಲ ಊರಿನವರೂ ಕೂತು, ಒಬ್ಬೊಬ್ಬರಾಗಿ ತಮ್ಮ ಊರನ್ನು ಹೊಗಳಿಕೊಂಡು, ವೋಟಿಗೆ ಬಾಯಿ ಬಿಟ್ಟುಕೊಂಡು ಕಾಯಬೇಕು. ಹೆಣ್ಣು ನೋಡುವ ಶಾಸ್ತ್ರವೇ ಇದು. ವ್ಯತ್ಯಾಸ ಇಷ್ಟೇ, ಇಲ್ಲಿ ಹೆಣ್ಣಿನ ಕಡೆಯವರು ಹುಡುಗಿಗೆ ಇಲ್ಲದ ಮೂಗು ಬರೆದು ಫೋಟೋ ಕಳಿಸುತ್ತಾರೆ.

ಅರ್ಜಿ ಹಾಕಿದ್ದು ಬೆಂಗಳೂರಿನ ಹೆಸರಿನಲ್ಲಿ. ಸುತ್ತಲಿನ ಊರುಗಳು ಅದರ ಬಾಲಗಳು. ಬಣ್ಣದ ಪುಸ್ತಕದಲ್ಲಿ ಹೊಸಕೋಟೆಯಲ್ಲಿ ಈಜು ಅಂತ ಇತ್ತು. ಅಲ್ಲಿ ಆಗ ಕುಡಿಯುವ ನೀರಿಗೇ ಟ್ಯಾಂಕರ್ ಬರುತ್ತಿತ್ತು. ನೆಲಮಂಗಲದ ಕಡೆ ಸೈಕಲ್ ಓಟ. ಅಲ್ಲೇ ಅರಿಶಿನಕುಂಟೆಯ ಹತ್ತಿರ ಹೆದ್ದಾರಿ ದಾಟಲು ನಿಂತವನನ್ನು ಕೇಳಿ, ಅಲ್ಲಿ ಸೈಕಲ್ಲು ಹತ್ತುವುದು ಕ್ರೀಡೆಯೋ ಆತ್ಮಹತ್ಯೆಯೋ ಅವನು ಹೇಳುತ್ತಾನೆ. ನಮ್ಮ ದೊಡ್ಡಬಳ್ಳಾಪುರದ ಮೈದಾನದಲ್ಲಿ ಓಟಗಾರರ ಅಭ್ಯಾಸ. ಯಾಕೆಂದರೆ ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ನಮ್ಮ ಮೈದಾನಕ್ಕೆ ಹದಿನೈದೇ ನಿಮಿಷವಂತೆ. ಪುಸ್ತಕದ ನಕ್ಷೆಯಲ್ಲಿ ದಾರಿ ನೆಟ್ಟಗಿತ್ತು, ಒಂದು ಲಾರಿಯೂ ಇರಲಿಲ್ಲ.

ಸಮಿತಿಗೆ ಒಬ್ಬ ಅಧ್ಯಕ್ಷ. ದೇವನಹಳ್ಳಿಯ ಸುತ್ತ ಲೇಔಟ್ ಮಾಡಿ ಬೆಳೆದವನು. ಬದುಕಿನಲ್ಲಿ ಓಡಿದ್ದು ಅಂತ ಇದ್ದರೆ ಸೈಟಿನ ಹಿಂದೆ ಮಾತ್ರ. ಅವನಿಗೊಬ್ಬ ಕನ್ಸಲ್ಟೆಂಟ್, ಬೆಂಗಳೂರಿನ ಹುಡುಗ. ಮಾತಿಗೊಂದು ಸಲ ‘ವಿಷನ್’ ಅನ್ನುವನು. ಕನ್ನಡ ಬರುತ್ತಿತ್ತು, ಆದರೆ ಬೆಂಗಳೂರು ದಾಟಿದರೆ ಕೆಟ್ಟುನಿಲ್ಲುವ ಕನ್ನಡ. ದೊಡ್ಡಬಳ್ಳಾಪುರದ ಸಂಚಾಲಕ ಅಂತ ಒಬ್ಬ ಮೂರ್ಖ ಬೇಕಿತ್ತು. ಸಂಘದ ಸೆಕ್ರೆಟರಿ ಅನ್ನುವ ಕಾರಣಕ್ಕೆ ಅದು ನಾನಾದೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ವಯಸ್ಸಿನಲ್ಲಿ ಕಬಡ್ಡಿ ಆಡಿದ್ದೆ, ಆಮೇಲೆ ನಾಲ್ಕು ಮಗ್ಗ, ಒಂದು ಸೀರೆ ಅಂಗಡಿ. ನನಗೆ ಅವರು ನೀಲಿ ಕೋಟು ಹೊಲಿಸಿಕೊಟ್ಟರು, ಎದೆಯ ಮೇಲೆ ಬ್ಯಾಡ್ಜು. ಹೋಟೆಲಿನ ಬಾಗಿಲು ಕಾಯುವವನ ಹಾಗೆ ಕಾಣುತ್ತಿದ್ದೆ ಅಂತ ಈಗ ಗೊತ್ತಾಗುತ್ತದೆ. ಆಗ ಕನ್ನಡಿ ಮುಂದೆ ಅರ್ಧ ಗಂಟೆ ನಿಂತಿದ್ದೆ. ಕೋಟಿಗಿಂತ ದೊಡ್ಡ ಆಸೆ ಇನ್ನೊಂದಿತ್ತು. ನಮ್ಮ ತಲೆಯ ಮೇಲೆ ದಿನವಿಡೀ ವಿಮಾನ ಹಾರುತ್ತವೆ. ಇಷ್ಟು ವರ್ಷದಲ್ಲಿ ನಾನು ಅವುಗಳ ಹೊಟ್ಟೆ ನೋಡಿದ್ದೆನೇ ಹೊರತು ಒಳಗೆ ಕಾಲಿಟ್ಟಿರಲಿಲ್ಲ. “ಕೊನೆ ರೌಂಡ್‌ಗೆ ನೀವೂ ಬರ್ತೀರ ಯಜಮಾನ್ರೆ, ಫಾರಿನ್ನು” ಅಂತ ಅಧ್ಯಕ್ಷ ನನ್ನ ಹೆಗಲು ತಟ್ಟಿದ್ದ. ಒಂದು ವಿಮಾನಕ್ಕೆ ನಾನು ಮಾರಿಹೋದೆ.

ಅಕ್ಕನಿಗೆ ಈ ವಿಷಯ ಹೇಳಿದಾಗ ಅವರು ಸುಣ್ಣ ಜರಡಿ ಹಿಡಿಯುತ್ತಿದ್ದರು.

“ಏನಪ್ಪಾ ಅದು, ಬಿಡು ಅಂದ್ರೆ?”

“ಬಿಡು ಅಲ್ಲಕ್ಕ, ಬಿಡ್ಡು. ನಮ್ಮೂರಿಗೇ ಬೇಕು ಅಂತ ಕೇಳೋದು.”

“ಬೇಕು ಅಂತ ಕೇಳೋದಕ್ಕೆ ಬಿಡು ಅಂತಾರಾ? ಚೆನ್ನಾಗೈತೆ. ಹಿಡ್ಕಳಕ್ಕೆ ಹೊರಟೋರು ಬಿಡು ಬಿಡು ಅಂತ ಊರೆಲ್ಲ ತಿರುಗ್ತಾವ್ರೆ.”

ಕೂಟದ ಗುರುತಿಗೆ ಒಂದು ಗೊಂಬೆಯ ಚಿತ್ರ ಬರೆಸಿದ್ದರು. ರೇಷ್ಮೆ ಹುಳು. ಅದರ ಕಾಲಿಗೆಲ್ಲ ಬೂಟು, ಕೈಯಲ್ಲಿ ಪಂಜು, ಓಡುತ್ತಿದೆ. ಅದನ್ನೂ ಹೆಮ್ಮೆಯಿಂದ ತೋರಿಸಿದೆ. ಅಕ್ಕ ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

“ರೇಷ್ಮೆ ಹುಳ ಓಡೋದನ್ನ ಯಾರ್ ಕಂಡವ್ರೆ? ಅದು ತಿಂತದೆ, ಮಲಗ್ತದೆ, ತಿಂತದೆ, ಮಲಗ್ತದೆ. ಗೂಡು ಕಟ್ಟಿ ಮುಗೀತು ಅನ್ನೋಷ್ಟರಲ್ಲಿ ಬಿಸಿನೀರಿಗೆ ಹಾಕ್ತಾರೆ. ಇದ್ನ ಯಾಕ್ ಬರ್ಸಿದ್ರಿ? ನಿಮ್ ಸಮಿತಿ ಫೋಟೋನಾ?”

ನಾನು ಮುಖ ಗಂಟಿಕ್ಕಿದೆ. ಕೋಟು ಬಂದ ಮೇಲೆ ನನಗೆ ಅವರ ಮಾತು ಚುಚ್ಚಲು ಶುರುವಾಗಿತ್ತು.

ಬಣ್ಣದ ಪುಸ್ತಕಕ್ಕೆ ಒಂದು ಪ್ರಮಾಣಪತ್ರ ಬೇಕಿತ್ತು: ಓಟದ ದಾರಿ ಒಂದು ಸುತ್ತಿಗೆ ನಾನ್ನೂರು ಮೀಟರ್ ಇದೆ ಅಂತ. ನಮ್ಮ ಮೈದಾನದ ಒಂದು ಕಡೆ ಮಗ್ಗದ ಶೆಡ್ಡುಗಳ ಗೋಡೆ, ಇನ್ನೊಂದು ಕಡೆ ಕಾಲುವೆ. ಎಷ್ಟು ಎಳೆದರೂ ಒಂದು ಸುತ್ತು ಐವತ್ತಾರು ಸೀರೆ. ಅಂದರೆ ಮುನ್ನೂರ ಐವತ್ತು ಮೀಟರ್. ನಾನ್ನೂರಕ್ಕೆ ಅರವತ್ತನಾಲ್ಕು ಸೀರೆ ಬೇಕು. ಅಕ್ಕ ಇದನ್ನು ನನಗೆ ಹತ್ತು ಸಲ ಹೇಳಿದ್ದರು. “ಎಂಟು ಸೀರೆ ಕಮ್ಮಿ ಐತೆ ಸೆಕ್ರೆಟ್ರಪ್ಪ. ದೊಡ್ಡ ಓಟಕ್ಕೆ ಹುಡುಗ್ರು ಇಲ್ಲಿ ಓಡಿ ಕಲ್ತು, ಅಲ್ಲಿ ಹೋಗಿ ಸೋಲ್ತವೆ. ಕಾಲುವೆ ಮೇಲೆ ಕಲ್ಲು ಹಾಸ್ಸಿ, ಆ ಕಡೆ ಖಾಲಿ ಜಾಗ ಕೇಳಿ ತಗೋ.” ಅದನ್ನು ನಾನು ಕೇಳಲಿಲ್ಲ, ಯಾರನ್ನೂ ಕೇಳಲಿಲ್ಲ. ಕನ್ಸಲ್ಟೆಂಟ್ ಬಂದು, “ಸರ್, ಮುನ್ನೂರೈವತ್ತು ಅಂದ್ರೆ ನಮ್ ವೆನ್ಯೂನೇ ಹೋಯ್ತು. ನಾನ್ನೂರು ಅಂತ ಹಾಕ್ಲಾ?” ಅಂದ. ಹಾಕು ಅಂದೆ. ಕೆಳಗೆ ಸಹಿ ನನ್ನದು. ಕಬಡ್ಡಿಯಲ್ಲಿ ಗೆರೆ ದಾಟಿ ಸಿಕ್ಕಿಬಿದ್ದವನು ಕೈಯೆತ್ತಿ ಹೊರಗೆ ಹೋಗುತ್ತಾನೆ. ನಾನು ಕೋಟಿನ ಗುಂಡಿ ಹಾಕಿಕೊಂಡೆ.

ಪರಿಶೀಲನೆಯ ತಂಡ ಬರುವ ದಿನ ಮೈದಾನಕ್ಕೆ ಮದುವೆ ಮನೆಯ ಕಳೆ. ಬೋಳು ನೆಲಕ್ಕೆ ಹಸಿರು ಬಣ್ಣ ಚಿಮುಕಿಸಿದ್ದರು. ಕಾಲುವೆ ಕಾಣದ ಹಾಗೆ ಬಾಡಿಗೆ ಹೂಕುಂಡ. ಹಸಿರು ಬಣ್ಣ ಕಂಡು ಅಕ್ಕ, “ಹೆಣಕ್ಕೆ ಪೌಡರ್ ಬಳಿದಂಗೈತೆ” ಅಂದರು. ಆದರೆ ಅವರೂ ಮುಂಜಾನೆ ಬಂದು ಗೆರೆ ಎಳೆದಿದ್ದರು. ಎಂಟು ದಾರಿ, ಒಂದು ಕಡೆಯೂ ನಡುಗದ ಗೆರೆ. ಇಡೀ ಮೈದಾನದಲ್ಲಿ ಆ ದಿನ ನಿಜವಾಗಿ ಇದ್ದದ್ದು ಅದೊಂದೇ.

ತಂಡದ ಮುಖ್ಯಸ್ಥೆ ಬೆಳ್ಳಿ ಕೂದಲಿನ, ಎತ್ತರದ ವಿದೇಶಿ ಹೆಂಗಸು. ಅಧ್ಯಕ್ಷನ ಭಾಷಣವನ್ನು ಕೇಳುವ ಹಾಗೆ ಮಾಡಿ, ಕೆಳಗೆ ನೋಡುತ್ತಿದ್ದರು. ಈ ಗೆರೆ ಹಾಕಿದವರು ಯಾರು ಅಂತ ಕೇಳಿದರು. ಅಧ್ಯಕ್ಷ ಹಲ್ಲು ಬಿಟ್ಟು ಅಕ್ಕನನ್ನು ಮುಂದೆ ತಳ್ಳಿದ. ಆಕೆ ಅಕ್ಕನ ಸುಣ್ಣದ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಏನೋ ಕೇಳಿದರು. ಕನ್ಸಲ್ಟೆಂಟ್ ಕನ್ನಡದಲ್ಲಿ ಹೇಳಿದ: “ಅಜ್ಜಿ, ಈ ಗ್ರೌಂಡ್‌ಗೆ ಇನ್ನೇನಾದ್ರೂ ಬೇಕಾ ಅಂತ ಕೇಳ್ತಿದಾರೆ ಮೇಡಂ.”

ಅಕ್ಕ ನನ್ನ ಕಡೆ ಒಂದು ಸಲ ನೋಡಿದರು. ಹೇಳಲಾ ಅಂತ ಕೇಳುವ ಹಾಗಿತ್ತು. ನಾನು ನೆಲ ನೋಡಿದೆ. ಅವರು ಆಕೆಗೇ ಹೇಳಿದರು, ಮೆತ್ತಗೆ, ಒಬ್ಬ ಕೆಲಸಗಾರ್ತಿ ಇನ್ನೊಬ್ಬ ಕೆಲಸಗಾರ್ತಿಗೆ ಹೇಳುವಂತೆ:

“ಎಂಟು ಸೀರೆ ಕಮ್ಮಿ ಐತಮ್ಮ.”

ಕನ್ಸಲ್ಟೆಂಟ್ ಕಕ್ಕಾಬಿಕ್ಕಿಯಾಗಿ ನನ್ನ ಕಡೆ ತಿರುಗಿದ. “ಏನ್ ಸರ್? ಸೀರೆನಾ? ಏನಂತಾರೆ?”

ಅಲ್ಲಿ ಅದರ ಅರ್ಥ ಗೊತ್ತಿದ್ದವನು ನಾನೊಬ್ಬ. ಪ್ರಮಾಣಪತ್ರದ ಸಹಿ ಕಣ್ಣ ಮುಂದೆ ಬಂತು. ವಿಮಾನವೂ ಬಂತು. ನಾನು ನಕ್ಕೆ. ಆ ನಗು ಈಗಲೂ ನನ್ನ ಕಿವಿಯಲ್ಲಿದೆ.

“ಪಾಪ, ಬಡವಿ. ಎಂಟು ಸೀರೆ ಕೊಡ್ಸಿ ಅಂತ ಕೇಳ್ತಾವ್ಳೆ” ಅಂದೆ.

ಕೇಳ್ತಾವ್ಳೆ ಅಂದೆ. ಅದುವರೆಗೆ ಅವರನ್ನು ಏಕವಚನದಲ್ಲಿ ಕರೆದವನಲ್ಲ.

ಅವನು ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಎಲ್ಲರೂ ನಕ್ಕರು. ಅಧ್ಯಕ್ಷ, “ಎಂಟೇ ಯಾಕಜ್ಜಿ, ವಾರಕ್ಕೆ ಏಳು, ಹಬ್ಬಕ್ಕೊಂದಾ?” ಅಂದ. ಇನ್ನೂ ನಕ್ಕರು. ವಿದೇಶಿ ಹೆಂಗಸು ಮಾತ್ರ ನಗದೆ, ತಮ್ಮ ಕೊರಳಿನ ಶಾಲು ತೆಗೆದು ಅಕ್ಕನ ಹೆಗಲಿಗೆ ಹಾಕಿದರು. ಅಕ್ಕ ಅದನ್ನು ಮಡಿಸಿ, ಅಂಚಿಗೆ ಅಂಚು ಕೂಡಿಸಿ, ವಾಪಸು ಅವರ ಕೈಗೇ ಇಟ್ಟರು. ನನ್ನನ್ನು ನೋಡಲೇ ಇಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಮರೆತುಹೋಗುತ್ತಿತ್ತೇನೋ. ಅಧ್ಯಕ್ಷನಿಗೆ ಉದಾರ ಬುದ್ಧಿ ಬಂತು. ವೇದಿಕೆ ಹಾಕಿಸಿ, ಫೋಟೋದವನನ್ನು ಕರೆಸಿ, ಮೈದಾನದ ಸೇವಕಿಗೆ ಎಂಟು ಸೀರೆ ದಾನ ಅಂತ ಕಾರ್ಯಕ್ರಮ ಮಾಡಿದ. ಸೀರೆ ಒದಗಿಸಿದ್ದು ನನ್ನ ಅಂಗಡಿ. ಫೋಟೋಕ್ಕೆ ತಾನೇ ಅಂತ, ಮೂಲೆಗೆ ಬಿದ್ದಿದ್ದ ಮಾಲು ಕಟ್ಟಿಸಿದೆ. ಮಿಂಚುವ ಬಣ್ಣ, ಒಂದಕ್ಕೂ ರವಿಕೆ ಕಣ ಇಲ್ಲ. ಅಕ್ಕ ವೇದಿಕೆಗೆ ಬಂದರು. ಬರುವುದಿಲ್ಲ ಅನ್ನುತ್ತಾರೆ ಅಂದುಕೊಂಡಿದ್ದೆ, ಆದರೆ ಬಂದರು. ಎರಡೂ ಕೈ ಚಾಚಿ ಎಂಟೂ ಸೀರೆ ತೆಗೆದುಕೊಂಡರು. ಮೇಲಿನದರ ಅಂಚನ್ನು ಹೆಬ್ಬೆರಳಿನಿಂದ ಒಂದು ಸಲ ತಡವಿದರು. ಅದರಲ್ಲೇ ಅವರಿಗೆ ಗೊತ್ತಾಗಿರಬೇಕು.

ಮರುದಿನ ಸ್ಥಳೀಯ ಪತ್ರಿಕೆಯಲ್ಲಿ ಚಿತ್ರ ಬಂತು, ಕೆಳಗೆ ‘ಎಂಟು ಸೀರೆ ಬೇಡಿದ ಮುಗ್ಧೆ’ ಅಂತ. ಸಂಜೆಯೊಳಗೆ ಸುಣ್ಣದಕ್ಕ ಅನ್ನುವ ಹೆಸರು ಅಳಿಸಿಹೋಯಿತು. ಮಗ್ಗದ ಶೆಡ್ಡಿನ ಕಿಟಕಿಯಿಂದ ಹುಡುಗರು ಕೂಗುವರು: “ಏಯ್ ಎಂಟ್ಸೀರೆ, ನಂಗೊಂದ್ ಕೊಡಜ್ಜಿ!” ಸಂತೆಯಲ್ಲಿ ಸೊಪ್ಪಿನವಳು, “ನಿಂಗೇನವ್ವ, ಕೇಳಿದ್ರೆ ಫಾರಿನ್ನೋರೇ ಕೊಡ್ತಾರೆ” ಅಂದಳಂತೆ. ಬದುಕಿಡೀ ಎರಡನೇ ಬಿಸ್ಕತ್ತು ಮುಟ್ಟದ ಹೆಂಗಸಿಗೆ ಊರು ಭಿಕ್ಷುಕಿಯ ಹೆಸರು ಕಟ್ಟಿತು. ಕಟ್ಟಿದ್ದು ಊರು, ದಾರ ಕೊಟ್ಟವನು ನಾನು.

ಅದಾದ ಮೂರನೆಯ ದಿನ ಬೆಳಗ್ಗೆ ವಾಕಿಂಗಿಗೆ ಅಂತ ಮೈದಾನಕ್ಕೆ ಹೋದೆ. ಇನ್ನೂ ಯಾರೂ ಬಂದಿರಲಿಲ್ಲ. ಓಟ ಶುರುವಾಗುವ ಗೆರೆಯಿಂದ ಮುಂದಕ್ಕೆ, ಸುಣ್ಣದ ಗೆರೆಯ ಪಕ್ಕದಲ್ಲೇ, ಸೀರೆಗಳನ್ನು ಉದ್ದಕ್ಕೆ ಹಾಸಿತ್ತು. ನನ್ನ ಅಂಗಡಿಯ ಸೀರೆಗಳು, ಗುಲಾಬಿ, ಹಸಿರು, ಹಳದಿ. ಒಂದಕ್ಕೊಂದು ಗಂಟು ಹಾಕಿರಲಿಲ್ಲ. ಗಂಟು ಅಳತೆ ತಿನ್ನುತ್ತದೆ, ಅದು ಅವರಿಗೆ ಗೊತ್ತು. ಒಂದರ ತುದಿಗೆ ಇನ್ನೊಂದರ ತುದಿ ಕೂಡಿಸಿ, ಗಾಳಿಗೆ ಹಾರದಂತೆ ತುದಿಗೊಂದು ಕಲ್ಲು ಇಟ್ಟಿದ್ದರು.

ನಾನು ಅದರ ಪಕ್ಕದಲ್ಲೇ ನಡೆದೆ. ಎಣಿಸಿದೆ. ಎಂಟಲ್ಲ, ಒಂಬತ್ತು ಇತ್ತು. ಕೊನೆಯದು ನನ್ನ ಅಂಗಡಿಯದಲ್ಲ. ಅಕ್ಕ ದಿನವೂ ಉಡುತ್ತಿದ್ದ ಬೂದಿ ಬಣ್ಣದ ನೂಲಿನ ಸೀರೆ, ಮಂಡಿಯ ಹತ್ತಿರ ಸುಣ್ಣದ ಕಲೆ.

ಸೀರೆ ವ್ಯಾಪಾರಿ ನಾನು, ಅರ್ಥವಾಗಲು ಎಷ್ಟು ಹೊತ್ತು? ರವಿಕೆ ಕಣ ಇಲ್ಲದ ನನ್ನ ಸೀರೆ ಒಂದೊಂದೂ ಐದೂವರೆ ಮೀಟರ್. ಎಂಟು ಸೇರಿದರೂ ಅಕ್ಕನ ಲೆಕ್ಕದ ಏಳು ಸೀರೆಯ ಉದ್ದವೇ ಆಗುವುದು. ಕಮ್ಮಿ ಬಿದ್ದ ಒಂದನ್ನು ಅವರು ತಮ್ಮ ಪೆಟ್ಟಿಗೆಯಿಂದ ತಂದು ತುಂಬಿಸಿದ್ದರು. ಈಗ ಅಳತೆ ಸರಿಯಾಗಿತ್ತು. ಐವತ್ತು ಮೀಟರ್. ನಮ್ಮ ಮೈದಾನಕ್ಕೆ ಎಷ್ಟು ಕಮ್ಮಿಯೋ ಅಷ್ಟು. ನಾನು ಎಷ್ಟು ಸುಳ್ಳು ಹೇಳಿದ್ದೆನೋ ಅಷ್ಟು. ಕೊನೆಯ ಕಲ್ಲಿನ ಹತ್ತಿರ ಸಾಮಾನು ಕೋಣೆಯ ಬೀಗದ ಕೈ, ತೊಳೆದು ಬೋರಲು ಹಾಕಿದ ಸುಣ್ಣದ ಬಕೆಟ್ಟು.

ಊರಿನ ಜನ ಬಂದು ಅದನ್ನು ನೋಡುವ ತನಕ ನಾನು ಅಲ್ಲೇ ನಿಂತಿರಬೇಕಿತ್ತು. ಇದರ ಅರ್ಥ ಇದು ಅಂತ ಬಾಯಿ ಬಿಟ್ಟು ಹೇಳಬೇಕಿತ್ತು. ನಾನು ಓಡೋಡಿ ಸೀರೆಗಳನ್ನೆಲ್ಲ ಸುತ್ತಿ ಬಗಲಲ್ಲಿ ಇಟ್ಟುಕೊಂಡೆ. ಆ ವಯಸ್ಸಿನಲ್ಲಿ ಆ ಮೈದಾನದಲ್ಲಿ ನಾನು ಓಡಿದ್ದು ಅದೇ ಕೊನೆ. ಎಂಟನ್ನು ಅಂಗಡಿಯ ಅದೇ ಮೂಲೆಗೆ ಹಾಕಿದೆ. ಒಂಬತ್ತನೆಯದು ಬೀರುವಿನಲ್ಲಿದೆ.

ವಿಮಾನವನ್ನೂ ಹತ್ತಿದೆ. ಅದರಲ್ಲಿ ಮೋಸ ಮಾಡಲಿಲ್ಲ ಅಧ್ಯಕ್ಷ. ವಿಮಾನ ಎದ್ದಾಗ ಕಿಟಕಿಗೆ ಮೂಗು ಒತ್ತಿ ನಮ್ಮ ಮೈದಾನ ಹುಡುಕಿದೆ. ಕಾಣಲಿಲ್ಲ. ಆ ಹೋಟೆಲಿನ ಸಭಾಂಗಣದಲ್ಲಿ ಹಿಂದಿನ ಸಾಲಿನಲ್ಲಿ, ನೀಲಿ ಕೋಟಿನಲ್ಲಿ, ಬೂಟು ಹಾಕಿದ ಹುಳುವಿನ ಗೊಂಬೆಯ ಪಕ್ಕ ಕೂತಿದ್ದೆ. ಬಿಡ್ಡಿಗೆ ಅಂತ ಮಾಡಿಸಿದ್ದ ನಮ್ಮ ಸಿನಿಮಾ ತೋರಿಸಿದರು, ಅಧ್ಯಕ್ಷ ಯಾರೋ ಬರೆದುಕೊಟ್ಟ ಇಂಗ್ಲಿಷ್ ಓದಿದ. ಆಮೇಲೆ ಆ ಬೆಳ್ಳಿ ಕೂದಲಿನ ಹೆಂಗಸು ಎದ್ದು, ಒಂದೊಂದು ಊರಿನ ವರದಿಯನ್ನೂ ಪರದೆಯ ಮೇಲೆ ಹಾಕಿದರು. ನಮ್ಮ ಸರದಿಯಲ್ಲಿ ಮೈದಾನದ ಚಿತ್ರ ಬಂತು, ಮೇಲಿನಿಂದ, ಆಕಾಶದಿಂದ ತೆಗೆದದ್ದು. ಅದರ ಮೇಲೆ ಎರಡು ಅಂಕಿ. ಅರ್ಜಿಯಲ್ಲಿ ಇರುವುದು 400. ಅಳತೆಗೆ ಬಂದದ್ದು 350.

ಅಷ್ಟು ಇಂಗ್ಲಿಷ್ ನನಗೂ ಓದಲು ಬರುತ್ತದೆ.

ನಮ್ಮೂರಿಗೆ ಬರುವ ಮೊದಲೇ ಅವರು ಅಳೆದಿದ್ದರಂತೆ, ಕನ್ಸಲ್ಟೆಂಟ್ ಆಮೇಲೆ ಹೇಳಿದ. ಮೈದಾನಕ್ಕೆ ಬಂದು ‘ಏನು ಬೇಕು’ ಅಂತ ಕೇಳಿದ್ದು, ಇವರು ನಿಜ ಹೇಳುತ್ತಾರೋ ಇಲ್ಲವೋ ನೋಡಲು. ನಿಜ ಹೇಳಿದವರು ಅಕ್ಕ ಒಬ್ಬರೇ. ಅವರ ಬಾಯಿಗೆ ನಾನು ಸೀರೆ ತುರುಕಿದೆ. ಆಕಾಶದ ಯಂತ್ರವೂ ಅಕ್ಕನ ದಾರವೂ ಒಂದೇ ಲೆಕ್ಕ ಹೇಳಿದ್ದವು, ಆ ಸಭೆಯಲ್ಲಿ ಅದು ಗೊತ್ತಿದ್ದವನು ನಾನೊಬ್ಬ. ನಮ್ಮ ಬಿಡ್ಡು ವೋಟಿನ ಮೊದಲ ಸುತ್ತಿನಲ್ಲೇ ಬಿದ್ದುಹೋಯಿತು. ಅಧ್ಯಕ್ಷ ಹೊರಗೆ ಬಂದು, “ಎಲ್ಲ ಪಾಲಿಟಿಕ್ಸು ಯಜಮಾನ್ರೆ” ಅಂದು ಊಟದ ಕಡೆ ಹೋದ.

ಊರಿಗೆ ಬಂದು ನೋಡಿದರೆ ಮೈದಾನ ಅಗೆದು ಹಾಕಿತ್ತು. ಗೆದ್ದೇ ಗೆಲ್ಲುತ್ತೇವೆ ಅಂತ ರಬ್ಬರಿನ ದಾರಿ ಮಾಡಲು ಮೊದಲೇ ಜೆಸಿಬಿ ಬಿಟ್ಟಿದ್ದರು. ಕೆಲಸ ಅಲ್ಲಿಗೇ ನಿಂತಿತ್ತು. ಜಲ್ಲಿಯ ಗುಡ್ಡೆ, ಮುಳ್ಳುಗಿಡ. ಇಂದಿಗೂ ಹಾಗೇ ಇದೆ. ಮುನ್ನೂರ ಐವತ್ತೂ ಹೋಯಿತು.

ಅಕ್ಕ ಅಷ್ಟರಲ್ಲಿ ಸಾಸಲು ಹಳ್ಳಿಯ ಮಗಳ ಮನೆಗೆ ಹೋಗಿದ್ದರು. ಒಂದು ವರ್ಷ ಬಿಟ್ಟು, ಆ ನೂಲಿನ ಸೀರೆಯನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಕಾಲು ಹಿಡಿದು ಕೇಳಿಕೊಂಡುಬಿಡುತ್ತೇನೆ ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಅವರು ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಬಹಳ ಸಣ್ಣಗಾಗಿದ್ದರು.

“ಬಾಪ್ಪ ಸೆಕ್ರೆಟ್ರಿ. ಪ್ಲೇನ್ ಹತ್ತಿದ್ಯಂತೆ?”

“ಹತ್ತಿದೆ ಅಕ್ಕ.”

“ಎಷ್ಟು ಸೀರೆ ಉದ್ದ ಇತ್ತು?”

“ಅಳೀಲಿಲ್ಲ.”

“ಅಳೀಬೇಕಿತ್ತು ಕಣಪ್ಪ” ಅಂದರು. ಒಂದು ಕಾಯಿ ಬಿಡಿಸಿ ಕಾಳು ಮೊರಕ್ಕೆ ಹಾಕಿದರು. “ಅದೊಂದು ನಿನ್ ಕೈಲಿ ಆಗಲ್ಲ.”

ಮಗಳು ಕಾಫಿ ತಂದಳು. ನಾನು ಕುಡಿದೆ. ಚೀಲವನ್ನು ಕಾಲ ಹಿಂದಕ್ಕೆ ಸರಿಸಿದೆ.

“ಗ್ರೌಂಡ್ ಎಂಗೈತೆ?”

“ಚೆನ್ನಾಗೈತೆ ಅಕ್ಕ” ಅಂದೆ. ಮತ್ತೆ ಸುಳ್ಳು.

ಅವರು ನನ್ನ ಮುಖ ನೋಡಿದರು. ಟೇಪಿನ ತುದಿ ನೋಡಿದ ಹಾಗೆ ನೋಡಿದರು. “ಚೀಲದಲ್ಲೇನಪ್ಪ?” ಅಂದರು.

“ಏನಿಲ್ಲ, ಮಾತ್ರೆ ತಗೊಂಡಿದ್ದೆ” ಅಂದೆ. ಬಸ್ಸಿಗೆ ಹೊತ್ತಾಯಿತು ಅಂತ ಎದ್ದೆ. ಸೊಗಡಿನ ಅವರೆಕಾಯಿ ಒಂದು ಸೇರು ಕಟ್ಟಿ ಕೊಟ್ಟರು. ಬೇಡ ಅನ್ನದೆ ತೆಗೆದುಕೊಂಡೆ. ಯಾರು ಬೇಡುವವರು, ಯಾರು ಕೊಡುವವರು ಅನ್ನುವುದು ಆ ಜಗಲಿಯ ಮೇಲೆ ಇತ್ಯರ್ಥವಾಯಿತು.

ಹೋದ ಆಷಾಢದಲ್ಲಿ ಟೀ ಅಂಗಡಿಯಲ್ಲಿ ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ಇಬ್ಬರು.

“ಸಾಸಲಲ್ಲಿ ಅಜ್ಜಿ ತೀರ್ಕೊಂಡ್ಳಂತೆ ಕಣ್ಲಾ.”

“ಯಾವ ಅಜ್ಜಿಲಾ?”

“ಅದೇ, ಎಂಟ್ಸೀರೆ.”

ನನ್ನ ಕೈಯಲ್ಲಿ ಲೋಟ ಇತ್ತು. ಇಬ್ಬರೂ ನನ್ನ ಕಣ್ಣ ಮುಂದೆ ಬೆಳೆದವರು. ಅದು ಅವರ ಹೆಸರಲ್ಲ ಕಣ್ರೋ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಟೀ ಕುಡಿದು ಲೋಟ ಇಟ್ಟು ಮನೆಗೆ ಬಂದೆ.

ಬೀರು ತೆಗೆದು ಆ ಸೀರೆಯನ್ನು ಅಂಗಡಿಯ ಮೀಟರ್ ಕೋಲಿನಲ್ಲಿ ಅಳೆದೆ. ರವಿಕೆ ಕಣ ಕತ್ತರಿಸದ ಆರೂಕಾಲು ಮೀಟರಿನ ಸೀರೆ, ಒಗೆದೂ ಒಗೆದೂ ಒಂದು ಗೇಣು ಕುಗ್ಗಿದೆ. ನನ್ನ ಎಂಟು ಸೇರಿದಾಗ ಅವರ ಏಳು ಸೀರೆಗಿಂತ ಒಂದು ಗೇಣು ಹೆಚ್ಚಾಗುತ್ತಿತ್ತು. ಅವರು ಅದನ್ನೂ ಲೆಕ್ಕ ಹಿಡಿದು, ಪೆಟ್ಟಿಗೆಯಲ್ಲಿದ್ದವುಗಳಲ್ಲಿ ಇದನ್ನೇ ಆರಿಸಿದ್ದರು.

ಸುಣ್ಣದಕ್ಕ ಅನ್ನುವುದು ಅವರ ಹೆಸರಲ್ಲ. ಎಂಟ್ಸೀರೆ ಅನ್ನುವುದಂತೂ ಅಲ್ಲವೇ ಅಲ್ಲ. ಸಂಘದ ಹಾಜರಿ ಪುಸ್ತಕದಲ್ಲಿ ತಿಂಗಳಿಗೊಂದು ಸಲ ನಾನೇ ನನ್ನ ಕೈಯಲ್ಲಿ ಬರೆಯುತ್ತಿದ್ದೆ, ಆದರೂ ಒಂದು ದಿನ ಬಾಯಿ ತುಂಬ ಕರೆದವನಲ್ಲ.

ಅವರ ಹೆಸರು ಚೌಡಮ್ಮ.